ದೂರದ ಚಂದ್ರ ಕಣ್ಣಿಗೆ ನುಣ್ಣಗೆ



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳ ಜೊತೆ ನಾವು ಕೊಡೈಕೆನಾಲ್ ಮತ್ತು ಕಂಬಂ ಕಣಿವೆಯ ಪ್ರವಾಸಕ್ಕೆ ಹೋಗಿದ್ದೆವು. ಬೆಂಗಳೂರನ್ನು ಬಿಟ್ಟಾಗ ಇನ್ನೂ ಕತ್ತಲೆ. ಸೇಲಂ ಹತ್ತಿರ ತಿಂಡಿಗೆಂದು ಬಸ್ಸು ನಿಲ್ಲಿಸಿದಾಗ ಬೆಳಕು ಚೆನ್ನಾಗಿ ಹರಿದಿತ್ತು. ಹುಣ್ಣಿಮೆ ಕಳೆದು ಎರಡು ಮೂರು ದಿನವಾಗಿದ್ದರಿಂದ ಪಶ್ಚಿಮದ ಆಕಾಶದಲ್ಲಿ ಚಂದ್ರ ಇನ್ನೂ ಮುಳುಗಿರಲಿಲ್ಲ. ಒಗೆದ ಬಟ್ಟೆಯಂತೆ ಮಾಸಲು ಬೆಳ್ಳಗೆ ಕಾಣುತ್ತಿದ್ದ.

ಐದನೆಯ ತರಗತಿಯ ಹುಡುಗನೊಬ್ಬ ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದುಕೊಂಡೇ ಕೇಳಿದ: "ಫಾದರ್, ಭೂಮಿ ಪೂರ್ತಿ ಹಾಳಾಗಿಹೋದ್ರೆ ನಾವೆಲ್ಲ ಚಂದ್ರನ ಮೇಲೆ ಹೋಗಿ ಇರಬಹುದಂತೆ, ಹೌದಾ?"

ನಾವು ಉತ್ತರ ಹುಡುಕುವಷ್ಟರಲ್ಲಿ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಹಿರಿಯರೊಬ್ಬರು ಬಾಯಿ ಹಾಕಿದರು. ಅವರು ನಿವೃತ್ತ ಬಸ್ ಚಾಲಕರು, ಮಾತು ನೇರ. "ಅಲ್ಲಿಗೆ ಹೋಗೋಕೆ ಕೋಟಿ ಕೋಟಿ ಸುರೀತಾರಲ್ಲ ಸ್ವಾಮಿ, ಅಲ್ಲೇನಿದೆ? ಕಲ್ಲು, ಮಣ್ಣು ತಾನೆ? ಅದು ನಮ್ಮೂರಲ್ಲಿ ಇಲ್ಲವಾ?"

ಎರಡೂ ಒಳ್ಳೆಯ ಪ್ರಶ್ನೆಗಳು. ನಮಗೆ ಆಗ ತೋಚಿದ ಉತ್ತರ ಒಂದೇ: "ಬಸ್ಸು ಹತ್ತಿ, ದಾರಿಯಲ್ಲಿ ಹೇಳುತ್ತೇವೆ." ಮುಂದಿನ ಮೂರು ದಿನ ನಾವು ಹೋದ ದಾರಿಯೇ ಆ ಉತ್ತರಕ್ಕೆ ಸಹಾಯ ಮಾಡಿತು. ಅಂದು ಬಸ್ಸಿನಲ್ಲಿ ಚೂರು ಚೂರಾಗಿ ಹೇಳಿದ್ದನ್ನು ಈ ತಿಂಗಳ ಅಂಕಣದಲ್ಲಿ ಒಟ್ಟಿಗೆ ಹೇಳುತ್ತೇವೆ.

ನಮ್ಮೂರಲ್ಲೇ ಸಿಕ್ಕ ಚಂದ್ರನ ಮಣ್ಣು

ನಾಮಕ್ಕಲ್ ದಾಟಿ ಕರೂರಿನ ಕಡೆ ಹೋಗುವಾಗ ಪರಮತ್ತಿ, ವೇಲೂರು ಸಿಗುತ್ತವೆ. ಆ ಸೀಮೆಯಲ್ಲಿ ಸಿತ್ತಂಪೂಂಡಿ, ಕುನ್ನಮಲೈ ಎಂಬ ಹಳ್ಳಿಗಳಿವೆ. ಅಲ್ಲಿನ ಬಿಳಿಚು ಬಣ್ಣದ ಕಲ್ಲಿಗೆ ಅನಾರ್ಥೊಸೈಟ್ ಎಂದು ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಹುಣ್ಣಿಮೆಯ ಚಂದ್ರನಲ್ಲಿ ನಮಗೆ ಹೊಳೆಯುವ ಬಿಳಿ ಭಾಗವಿದೆಯಲ್ಲ, ಅದು ಬಹುಮಟ್ಟಿಗೆ ಇದೇ ಜಾತಿಯ ಕಲ್ಲು.

ಅದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಹೀಗಿದೆ. ಚಂದ್ರ ಹುಟ್ಟಿದ ಹೊಸದರಲ್ಲಿ ಅವನ ಮೇಲ್ಮೈಯೆಲ್ಲ ಕರಗಿದ ಕಲ್ಲಿನ ಸಮುದ್ರವಾಗಿತ್ತು. ಅದು ತಣಿಯುತ್ತಾ ಬಂದಂತೆ ಭಾರದ ಖನಿಜಗಳು ತಳ ಸೇರಿದವು. ಹಗುರವಾದವು ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲೆ ತೇಲಿ ಗಟ್ಟಿಯಾದವು. ಆ ಕೆನೆಯೇ ಅನಾರ್ಥೊಸೈಟ್. 2023ರಲ್ಲಿ ಚಂದ್ರನ ಮೇಲೆ ಓಡಾಡಿದ ನಮ್ಮ ಪ್ರಜ್ಞಾನ್ ಗಾಡಿ ಅಲ್ಲಿನ ಮಣ್ಣನ್ನು ಪರೀಕ್ಷಿಸಿ ಕಳುಹಿಸಿದ ಅಂಕಿಗಳೂ ಈ ವಿವರಣೆಗೆ ಹೊಂದಿಕೆಯಾದವು. ಅಹಮದಾಬಾದಿನ ಭೌತವಿಜ್ಞಾನಿಗಳು 2024ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಹಿರಿಯರು ಮೊಲವೆಂದು ತೋರಿಸುತ್ತಿದ್ದ ಕಪ್ಪು ಕಲೆಗಳು ಆ ಕೆನೆ ಕಟ್ಟಿದ ಮೇಲೆ ಒಳಗಿನಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ.

ಚಂದ್ರಯಾನ-2ರ ಸಿದ್ಧತೆ ನಡೆಯುತ್ತಿದ್ದಾಗ ಇಸ್ರೋಗೆ ಒಂದು ತೊಡಕಾಯಿತು. ಇಳಿಯುವ ನೌಕೆಯ ಕಾಲುಗಳನ್ನೂ ಗಾಡಿಯ ಚಕ್ರಗಳನ್ನೂ ಪರೀಕ್ಷಿಸಲು ಚಂದ್ರನ ಮಣ್ಣಿನಂಥ ಮಣ್ಣು ಟನ್‌ಗಟ್ಟಲೆ ಬೇಕಿತ್ತು. ಅಮೆರಿಕದಿಂದ ತರಿಸಿದರೆ ಒಂದು ಕಿಲೋಗೆ ಸುಮಾರು 150 ಡಾಲರ್. ಆಗ ನೆರವಿಗೆ ಬಂದದ್ದು ಈ ನಾಮಕ್ಕಲ್ ಸೀಮೆಯ ಕಲ್ಲು. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಕಲ್ಲನ್ನು ಗುರುತಿಸಿದರು. ಅದನ್ನು ಯಂತ್ರದಲ್ಲಿ ಪುಡಿ ಮಾಡಿ ಸುಮಾರು 50 ಟನ್ ಬೆಂಗಳೂರಿಗೆ ಸಾಗಿಸಲಾಯಿತು. ಬೆಂಗಳೂರಿನಲ್ಲಿ ಇಸ್ರೋದವರು ಆ ಮಣ್ಣನ್ನು ಹಾಸಿ ಚಂದ್ರನ ಅಂಗಳವೊಂದನ್ನೇ ಮಾಡಿಕೊಂಡರು. ಚಂದ್ರನಲ್ಲಿ ತೂಕ ಆರರಲ್ಲಿ ಒಂದು ಭಾಗವಾಗುವುದರಿಂದ ಗಾಡಿಗೆ ಹೀಲಿಯಂ ಬಲೂನು ಕಟ್ಟಿ ಹಗುರ ಮಾಡಿ ಓಡಿಸಿ ನೋಡಿದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಕುಳಿಗಳನ್ನು ತೋಡಿ, ಮೇಲೆ ವಿಮಾನ ಹಾರಿಸಿ, ನೌಕೆಯ ಕಣ್ಣುಗಳನ್ನು ಪರೀಕ್ಷಿಸಿದರು. ಈ ಮಣ್ಣು ತಯಾರಿಸುವ ವಿಧಾನಕ್ಕೆ ಇಸ್ರೋಗೆ 2020ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು.

ಇದನ್ನು ಹೇಳಿದಾಗ ನಮ್ಮ ಹಿರಿಯರು ಕಿಟಕಿಯಿಂದ ಹೊರಗೆ ನೋಡಿ, "ಹಾಗಾದ್ರೆ ನಾನು ಹೇಳಿದ್ದು ಸರಿ. ಅಲ್ಲಿರೋ ಕಲ್ಲು ಇಲ್ಲೂ ಇದೆ!" ಎಂದರು. ಬಸ್ಸೆಲ್ಲ ನಕ್ಕಿತು.

ದಿಂಡಿಗಲ್ಲಿನಿಂದ ನಾವು ಪಳನಿಯ ಘಟ್ಟದ ದಾರಿ ಹಿಡಿದೆವು. ನಡುವೆ ಒಟ್ಟನ್‌ಛತ್ರಂ. ತರಕಾರಿ ಮಾರುಕಟ್ಟೆಗೆ ತಮಿಳುನಾಡಿನಲ್ಲೆಲ್ಲ ಹೆಸರಾದ ಊರು. ಭೂವಿಜ್ಞಾನಿಗಳಿಗೆ ಅದು ಇನ್ನೊಂದು ಕಾರಣಕ್ಕೆ ಗೊತ್ತು: ಆ ಊರಿನ ಸುತ್ತಲೂ ಅನಾರ್ಥೊಸೈಟ್ ಕಲ್ಲು ಹರಡಿಕೊಂಡಿದೆ. ಲಾರಿಗೆ ಟೊಮೆಟೊ, ನುಗ್ಗೆಕಾಯಿ ತುಂಬಿಸುತ್ತಿದ್ದವರಿಗೆ ಕಾಲ ಕೆಳಗೆ ಚಂದ್ರನ ಜಾತಿಯ ಕಲ್ಲಿದೆ ಎಂದು ಯಾರಾದರೂ ಹೇಳಿದ್ದಾರೋ ಇಲ್ಲವೋ!

ಕತ್ತಿಯಂಥ ಧೂಳು

ಕಲ್ಲು ಒಂದೇ ಜಾತಿಯದಾದರೂ ಮಣ್ಣು ಒಂದೇ ಅಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ನಮ್ಮ ಹೊಳೆಯ ಮರಳನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ. ನೀರು ಉರುಳಿಸಿ, ಗಾಳಿ ತೀಡಿ, ಕಣಗಳ ಮೂಲೆಗಳೆಲ್ಲ ಸವೆದಿರುತ್ತವೆ. ಚಂದ್ರನಲ್ಲಿ ಗಾಳಿಯಿಲ್ಲ, ಹರಿಯುವ ನೀರಿಲ್ಲ. ಕೋಟ್ಯಂತರ ವರ್ಷಗಳಿಂದ ಆಕಾಶದ ಕಲ್ಲುಗಳು ಬಂದು ಬಡಿದು ಬಂಡೆಗಳನ್ನು ಪುಡಿ ಮಾಡುತ್ತಲೇ ಇವೆ. ಆ ಪುಡಿಯ ಮೂಲೆ ತೀಡುವವರು ಯಾರೂ ಇಲ್ಲ. ಹೀಗಾಗಿ ಅಲ್ಲಿನ ಧೂಳು ಒಡೆದ ಗಾಜಿನ ಪುಡಿಯಂತೆ ಚೂಪು. ಸಾಲದ್ದಕ್ಕೆ ಬಿಸಿಲಿನ ಕಿರಣಗಳಿಂದ ಅದಕ್ಕೆ ವಿದ್ಯುತ್ತಿನ ಸೆಳೆತವೂ ಬರುತ್ತದೆ. ಒಣ ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಹಿಡಿದುಕೊಳ್ಳುವುದಿಲ್ಲವೇ, ಹಾಗೆ ಆ ಧೂಳು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ.

1972ರ ಡಿಸೆಂಬರ್‌ನಲ್ಲಿ ಅಪೊಲೊ-17ರಲ್ಲಿ ಹೋದ ಯೂಜಿನ್ ಸರ್ನನ್ ಅವರಿಗೆ ಇದರ ಅನುಭವ ಚೆನ್ನಾಗಿಯೇ ಆಯಿತು. ಸುತ್ತಿಗೆ ತಗುಲಿ ಅವರ ಗಾಡಿಯ ಮಡ್‌ಗಾರ್ಡ್ ಮುರಿಯಿತು. ಚಕ್ರ ಎಬ್ಬಿಸಿದ ಧೂಳು ಮಳೆಯಂತೆ ಅವರ ಮೇಲೆಯೇ ಸುರಿಯತೊಡಗಿತು. ಕೊನೆಗೆ ತಮ್ಮಲ್ಲಿದ್ದ ನಕ್ಷೆಯ ಹಾಳೆಗಳನ್ನು ಟೇಪಿನಿಂದ ಅಂಟಿಸಿ ಹೊಸ ಮಡ್‌ಗಾರ್ಡ್ ಮಾಡಿಕೊಂಡರು. ಚಂದ್ರನಲ್ಲೂ ರಿಪೇರಿಗೆ ಟೇಪೇ ಗತಿ! ಅವರ ಜೊತೆಗಿದ್ದ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರಿಗೆ ನೌಕೆಯೊಳಗೆ ಹೆಲ್ಮೆಟ್ ತೆಗೆದ ಮೇಲೆ ಆ ಧೂಳಿನಿಂದ ಮೂಗು ಕಟ್ಟಿ ಸೀನು ಬಂತು. ಮೂರು ದಿನದ ವಾಸಕ್ಕೇ ಉಡುಪಿನ ಕೀಲುಗಳಲ್ಲಿ ಧೂಳು ಸೇರಿ ಬಿಗಿಯಾಗಿದ್ದವು. ಮೂರು ತಿಂಗಳು, ಮೂರು ವರ್ಷ ಅಲ್ಲಿರಬೇಕೆಂದರೆ ಬಾಗಿಲ ಸಂದು, ಯಂತ್ರದ ಬೇರಿಂಗ್, ಮನುಷ್ಯನ ಶ್ವಾಸಕೋಶ, ಇವುಗಳ ಗತಿಯೇನು?

ಇಳಿಯುವಾಗಲೂ ಇದೇ ತೊಂದರೆ. 2023ರಲ್ಲಿ ನಮ್ಮ ವಿಕ್ರಂ ಇಳಿಯುವಾಗ ಅದರ ಎಂಜಿನ್ನಿನ ರಭಸಕ್ಕೆ ಸುಮಾರು 2 ಟನ್ ಧೂಳು ಎದ್ದು 108 ಚದರ ಮೀಟರಿನಷ್ಟು ಜಾಗದಲ್ಲಿ ಚದುರಿತು. ಅಲ್ಲಿ ಎದ್ದ ಧೂಳು ಗಾಳಿಯಲ್ಲಿ ತೇಲುವುದಿಲ್ಲ. ತಡೆಯಲು ಗಾಳಿಯೇ ಇಲ್ಲದ್ದರಿಂದ ಹೊಡೆದ ಗುಂಡಿನಂತೆ ದೂರಕ್ಕೆ ಹಾರುತ್ತದೆ. ಪಕ್ಕದಲ್ಲಿ ಇನ್ನೊಂದು ನೌಕೆಯಿದ್ದರೆ ಅದಕ್ಕೆ ಅಪಾಯ.

ಕೊಡೈಕೆನಾಲಿನ ಚಳಿ, ಚಂದ್ರನ ಚಳಿ

ಸಂಜೆ ಕೊಡೈಕೆನಾಲ್ ತಲುಪಿದಾಗ ಮಕ್ಕಳು ಸ್ವೆಟರ್ ಹಾಕಿಕೊಂಡರೂ ನಡುಗುತ್ತಿದ್ದರು. ಮಧ್ಯಾಹ್ನ ದಿಂಡಿಗಲ್ಲಿನಲ್ಲಿ ಬೆವರು ಸುರಿದಿತ್ತು. "ಒಂದೇ ದಿನದಲ್ಲಿ ಇಷ್ಟು ವ್ಯತ್ಯಾಸ!" ಎಂದು ತಾಯಂದಿರು ಬೆರಗಾದರು. ನಾವು ಅನುಭವಿಸಿದ ವ್ಯತ್ಯಾಸ ಹೆಚ್ಚೆಂದರೆ 25 ಡಿಗ್ರಿ.

ಚಂದ್ರನ ನಡುಪಟ್ಟಿಯಲ್ಲಿ ಮಧ್ಯಾಹ್ನ ಸುಮಾರು 120 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದಕ್ಕಿಂತ ಹೆಚ್ಚು. ರಾತ್ರಿ ಶೂನ್ಯಕ್ಕಿಂತ 130 ಡಿಗ್ರಿಗೂ ಕೆಳಗೆ. ನಮ್ಮ ಭೂಮಿಗೆ ಗಾಳಿಯೆಂಬ ಕಂಬಳಿ ಇದೆ. ಹಗಲಿನ ಬಿಸಿಯನ್ನು ಅದು ಒಂದಿಷ್ಟು ಹಿಡಿದಿಟ್ಟು ರಾತ್ರಿಗೆ ಕೊಡುತ್ತದೆ. ಚಂದ್ರನಿಗೆ ಆ ಕಂಬಳಿ ಇಲ್ಲ.

ವಿಕ್ರಂನಲ್ಲಿ ಮಣ್ಣಿನೊಳಗೆ ಚುಚ್ಚಿ ಉಷ್ಣತೆ ಅಳೆಯುವ 'ಚೇಸ್ಟ್' ಎಂಬ ಸಾಧನವಿತ್ತು. ಆ ಭಾಗದಲ್ಲಿ ಮಣ್ಣೊಳಗೆ ಉಷ್ಣಮಾಪಕ ಇಳಿಸಿ ನೋಡಿದ್ದು ಅದೇ ಮೊದಲು. ಮೇಲ್ಮೈಯಲ್ಲಿ 50 ಡಿಗ್ರಿಗೂ ಹೆಚ್ಚು ಬಿಸಿ ಇದ್ದಾಗ ಕೇವಲ 8 ಸೆಂಟಿಮೀಟರ್ ಕೆಳಗೆ, ಅಂದರೆ ನಾಲ್ಕು ಬೆರಳ ಆಳದಲ್ಲಿ, ಮೈನಸ್ 10 ಡಿಗ್ರಿ! ಇನ್ನೊಂದು ಸಂಗತಿ: ಬಿಸಿಲಿಗೆ ಮುಖ ಮಾಡಿದ ಸಣ್ಣ ಇಳಿಜಾರಿನಲ್ಲಿ ಸುಮಾರು 82 ಡಿಗ್ರಿ ಇದ್ದರೆ, ಅಲ್ಲಿಂದ ಒಂದು ಮೀಟರ್ ಆಚೆ ಸಮತಟ್ಟಾದ ಜಾಗದಲ್ಲಿ ಸುಮಾರು 60 ಡಿಗ್ರಿ. ಒಂದು ಹೆಜ್ಜೆ ಅತ್ತಿತ್ತ ಇಟ್ಟರೆ ಹವೆಯೇ ಬದಲಾದಂತೆ. ಅಂಥ ಕಡೆ ಲೋಹ, ತಂತಿ, ಬ್ಯಾಟರಿಗಳು ತಾಳಿಕೊಳ್ಳಬೇಕು.

ಚಳಿಗಿಂತಲೂ ಕಠಿಣವಾದದ್ದು ಅದರ ಅವಧಿ. ಕನ್ನಡದಲ್ಲೂ ತಮಿಳಿನಲ್ಲೂ 'ತಿಂಗಳು' ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಚಂದ್ರನಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆಯಲು ನಮ್ಮ ಒಂದು ತಿಂಗಳೇ ಬೇಕು. ಸುಮಾರು 14 ದಿನ ಬಿಸಿಲು, 14 ದಿನ ಕತ್ತಲೆ. ಬಿಸಿಲಿನ ವಿದ್ಯುತ್ತನ್ನೇ ನಂಬಿದ ವಿಕ್ರಂ, ಪ್ರಜ್ಞಾನ್ ಎರಡನ್ನೂ 2023ರ ಸೆಪ್ಟೆಂಬರ್ ಮೊದಲ ವಾರ ಮಲಗಿಸಲಾಯಿತು. ಸೂರ್ಯ ಮತ್ತೆ ಮೂಡಿದ ಮೇಲೆ, ಸೆಪ್ಟೆಂಬರ್ 22ರಂದು, ಎಬ್ಬಿಸಲು ಯತ್ನಿಸಿದರು. ಅವು ಏಳಲಿಲ್ಲ. ಅವುಗಳನ್ನು ಮಾಡಿದ್ದೇ ಒಂದು ಹಗಲಿನ ಕೆಲಸಕ್ಕೆ, ಆ ಕೆಲಸವನ್ನು ಮುಗಿಸಿಯೇ ಮಲಗಿದ್ದವು. ಅಪೊಲೊ ಕಾಲದ ಹನ್ನೆರಡು ಮಂದಿ ಚಂದ್ರನ ಮೇಲೆ ನಡೆದರು. ಎಲ್ಲರೂ ಅಲ್ಲಿನ ಬೆಳಗಿನ ಹೊತ್ತಿನಲ್ಲಿ ಇಳಿದು ಮಧ್ಯಾಹ್ನದೊಳಗೆ ಹೊರಟವರೇ. ಚಂದ್ರನ ನೆಲದಲ್ಲಿ ಒಂದು ರಾತ್ರಿ ಕಳೆದ ಮನುಷ್ಯ ಅವರಲ್ಲಿ ಒಬ್ಬನೂ ಇಲ್ಲ.

ಸೂರ್ಯನ ಕಾವಲುಗಾರರು

ಮರುದಿನ ಸೌರ ವೀಕ್ಷಣಾಲಯಕ್ಕೆ ಹೋದೆವು. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಇದು 1899ರಲ್ಲಿ ಸ್ಥಾಪನೆಯಾಯಿತು. ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ನೂರು ವರ್ಷಕ್ಕೂ ಮೀರಿ ಇಲ್ಲಿ ಸೂರ್ಯನ ಚಿತ್ರಗಳನ್ನು ತೆಗೆದು ಕಾಪಾಡಿಕೊಂಡು ಬಂದಿದ್ದಾರೆ. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್ಶೆಡ್ 1909ರಲ್ಲಿ ಕಂಡುಹಿಡಿದದ್ದು ಇಲ್ಲಿಯೇ.

"ಚಂದ್ರನ ಮಾತಿಗೂ ಸೂರ್ಯನಿಗೂ ಏನು ಸಂಬಂಧ?" ಎಂದು ಒಬ್ಬ ತಾಯಿ ಕೇಳಿದರು. ಸಂಬಂಧ ಬಹಳ. ಸೂರ್ಯ ಆಗಾಗ ಸಿಡಿದು ವಿದ್ಯುತ್ ಕಣಗಳನ್ನು ಕಾರುತ್ತಾನೆ. ಭೂಮಿಯ ಕಾಂತಕ್ಷೇತ್ರ ಮತ್ತು ಗಾಳಿ ಅವುಗಳನ್ನು ತಡೆಯುತ್ತವೆ. ಚಂದ್ರನಿಗೆ ಎರಡೂ ಇಲ್ಲ. 1972ರ ಆಗಸ್ಟ್ ಮೊದಲ ವಾರ ಸೂರ್ಯನಲ್ಲಿ ಭಾರೀ ಬಿರುಗಾಳಿ ಎದ್ದಿತು. ಅಪೊಲೊ-16 ಏಪ್ರಿಲ್‌ನಲ್ಲಿ ಹೋಗಿ ಬಂದಿತ್ತು, ಅಪೊಲೊ-17 ಡಿಸೆಂಬರ್‌ನಲ್ಲಿ ಹೋಗುವುದಿತ್ತು. ಆ ವಾರ ಯಾರಾದರೂ ಬರೀ ಉಡುಪಿನಲ್ಲಿ ಚಂದ್ರನ ಅಂಗಳದಲ್ಲಿ ನಿಂತಿದ್ದರೆ ಅವರ ಪ್ರಾಣಕ್ಕೇ ಅಪಾಯವಿತ್ತು.

ಬಿರುಗಾಳಿ ಇಲ್ಲದ ದಿನವೂ ಸುಖವಿಲ್ಲ. ದೂರದ ಆಕಾಶದಿಂದ ಬರುವ ವಿಶ್ವಕಿರಣಗಳು ಸದಾ ಸುರಿಯುತ್ತಿರುತ್ತವೆ. 2019ರಲ್ಲಿ ಇಳಿದ ಚೀನಾದ ಚಾಂಗ್-4 ನೌಕೆ ಅಳೆದು ನೋಡಿದಾಗ ಅಲ್ಲಿನ ವಿಕಿರಣ ಭೂಮಿಯ ಮೇಲಿನದಕ್ಕಿಂತ ಸುಮಾರು 200 ಪಟ್ಟು ಎಂದು ತಿಳಿಯಿತು.

ಬೋಡಿಯ ಬಂಡೆ ಕಲಿಸಿದ್ದು

ಘಟ್ಟ ಇಳಿದು ಪೆರಿಯಕುಳಂ ದಾಟಿ ತೇನಿಗೆ ಬಂದಾಗ ದಾರಿಯ ಆಚೆ ಸಾಲು ಸಾಲು ಗಾಳಿಯಂತ್ರಗಳು ತಿರುಗುತ್ತಿದ್ದವು. ಬೀಸುವ ಗಾಳಿಯಿಂದ ಕರೆಂಟು! ಚಂದ್ರನಲ್ಲಿ ಇದಕ್ಕೂ ದಾರಿಯಿಲ್ಲ ಎಂದು ನಮ್ಮ ಹುಡುಗನೇ ಹೇಳಿದ.

ತೇನಿಯ ಪಶ್ಚಿಮಕ್ಕೆ ಬೋಡಿನಾಯಕನೂರಿನ ಬೆಟ್ಟಗಳು. ಅಲ್ಲಿ ಪೊಟ್ಟಿಪುರಂ ಹಳ್ಳಿಯ ಹತ್ತಿರ ಬೆಟ್ಟ ಕೊರೆದು ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ನೀರು, ಕಾಡು, ಬೇಸಾಯದ ಬಗ್ಗೆ ಅಲ್ಲಿನ ಜನರಿಗೆ ಆತಂಕವಿತ್ತು. ವಿರೋಧ ಬಂತು, ವಿಷಯ ನ್ಯಾಯಾಲಯಕ್ಕೆ ಹೋಯಿತು, ಕೆಲಸ ನಿಂತಿತು. ಆ ವಾದ ಇರಲಿ. ಈ ಬೆಟ್ಟವನ್ನೇ ಏಕೆ ಆರಿಸಿದರು ಎಂಬುದು ನಮ್ಮ ವಿಷಯಕ್ಕೆ ಬೇಕಾದದ್ದು. ವಿಶ್ವಕಿರಣಗಳು ಒಳಗೆ ನುಸುಳದಂತೆ ಸುತ್ತಲೂ ಒಂದು ಕಿಲೋಮೀಟರಿಗೂ ದಪ್ಪ ಬಂಡೆ ಬೇಕಿತ್ತು. ಇದಕ್ಕೂ ಮೊದಲು ಇಂಥ ಕೆಲಸ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದಿತ್ತು. 1965ರಲ್ಲಿ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು.

ಅಷ್ಟು ದಪ್ಪ ಬಂಡೆ ಬೇಕಾಗುವುದು ಸೂಕ್ಷ್ಮ ಪ್ರಯೋಗಕ್ಕೆ. ಮನುಷ್ಯ ಬದುಕಲು ಕೆಲವು ಮೀಟರ್ ಮಣ್ಣಿನ ಹೊದಿಕೆ ಸಾಕಾದೀತು. ಆದ್ದರಿಂದ ಚಂದ್ರನಲ್ಲಿ ಮನೆ ಎಂದರೆ ಚಿತ್ರಗಳಲ್ಲಿ ತೋರಿಸುವ ಗಾಜಿನ ಗುಮ್ಮಟವಲ್ಲ, ಮಣ್ಣು ಮುಚ್ಚಿದ ನೆಲಮಾಳಿಗೆ. ಹಿಂದೆ ಲಾವಾ ಹರಿದು ಟೊಳ್ಳಾದ ಸುರಂಗಗಳೂ ಅಲ್ಲಿವೆ. ಚಂದ್ರಯಾನ-1ರ ಚಿತ್ರಗಳಲ್ಲಿ ನಮ್ಮ ವಿಜ್ಞಾನಿಗಳು ಸುಮಾರು 1.7 ಕಿಲೋಮೀಟರ್ ಉದ್ದದ ಒಂದನ್ನು ಗುರುತಿಸಿದ್ದಾರೆ. ಚಂದ್ರನಿಗೆ ಹೋಗಿ ಗವಿಯಲ್ಲಿ ಇರಬೇಕೆಂದರೆ ಯಾರು ತಾನೆ ಒಪ್ಪುತ್ತಾರೆ ಎಂದು ಹಿರಿಯರು ಗೊಣಗಿದರು.

ಕಂಬಂ ಕಣಿವೆಯ ನೀರು

ಕಂಬಂ ತಲುಪಿದಾಗ ಎರಡೂ ಕಡೆ ದ್ರಾಕ್ಷಿಯ ಚಪ್ಪರ, ಬಾಳೆ, ತೆಂಗು, ಭತ್ತ. ಈ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ಕಾಪ್ಪಿಲಿಯರ್ ಸಮುದಾಯದ ಕುಟುಂಬಗಳಿವೆ. ಒಂದು ದ್ರಾಕ್ಷಿ ತೋಟದಲ್ಲಿ ಅಜ್ಜಿಯೊಬ್ಬರು ನಮ್ಮ ಮಕ್ಕಳ ಮಾತು ಕೇಳಿ ತಮ್ಮ ಕನ್ನಡದಲ್ಲೇ ವಿಚಾರಿಸಿಕೊಂಡರು. ಗೊಂಚಲು ಕೊಟ್ಟು ದುಡ್ಡು ಬೇಡವೆಂದರು.

ಮಳೆ ಕಡಿಮೆಯಾದ ಈ ಕಡೆಗೆ ಇಷ್ಟು ಹಸಿರು ಹೇಗೆ? ಉತ್ತರ ಕಣಿವೆಯ ತುದಿಯಲ್ಲಿರುವ ಲೋಯರ್ ಕ್ಯಾಂಪಿನಲ್ಲಿದೆ. ಅಲ್ಲಿ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಸ್ಮಾರಕವಿದೆ. ಪೆರಿಯಾರ್ ನದಿ ಬೆಟ್ಟದ ಆ ಕಡೆ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತಿತ್ತು. ಅದಕ್ಕೆ ಅಣೆಕಟ್ಟು ಕಟ್ಟಿ, ಬೆಟ್ಟದಲ್ಲಿ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಸುರಂಗ ಕೊರೆದು, 1895ರಲ್ಲಿ ನೀರನ್ನು ಈ ಕಡೆಗೆ ತಿರುಗಿಸಿದರು. ಕಟ್ಟುವಾಗ ಪ್ರವಾಹ ಬಂದು ಕೆಲಸ ಕೊಚ್ಚಿಹೋಯಿತು. ಕಾಡಿನ ಜ್ವರಕ್ಕೆ ನೂರಾರು ಕೂಲಿಗಳು ಸತ್ತರು. ಆ ಅಣೆಕಟ್ಟಿನ ಕುರಿತ ವ್ಯಾಜ್ಯಗಳು ಬೇರೆ ವಿಷಯ. ಆದರೆ ಆಚೆ ಕಡೆಯ ನೀರನ್ನು ಈಚೆಗೆ ತರುವುದೆಂದರೆ ಎಷ್ಟು ಕಷ್ಟ ಎಂಬುದು ಈ ಕಣಿವೆಯವರಿಗೆ ಗೊತ್ತು. ಜನವರಿ 15ರ ಅವರ ಹುಟ್ಟುಹಬ್ಬಕ್ಕೆ ರೈತರು ಇಂದಿಗೂ ಪೊಂಗಲ್ ಇಡುತ್ತಾರೆ.

ಚಂದ್ರನ ನೀರಿನ ಕಥೆಯೂ ಇಂಥದ್ದೇ, ಆದರೆ ನೂರು ಪಟ್ಟು ಕಠಿಣ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ಮಣ್ಣಿನಲ್ಲಿ ನೀರಿನ ಅಂಶದ ಗುರುತು ಹಿಡಿಯಿತು. 2009ರಲ್ಲಿ ಈ ಸುದ್ದಿ ಜಗತ್ತಿಗೆಲ್ಲ ತಿಳಿಯಿತು. ಅದೇ ಉಪಕರಣದ ಮಾಹಿತಿಯಿಂದ ಧ್ರುವಗಳ ಕತ್ತಲೆ ಕುಳಿಗಳಲ್ಲಿ ಮಂಜುಗಡ್ಡೆ ಇರುವುದು 2018ರಲ್ಲಿ ಖಚಿತವಾಯಿತು. ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿ ಸುಮಾರು 21 ಕಿಲೋಮೀಟರ್ ಅಗಲ, 4 ಕಿಲೋಮೀಟರ್ ಆಳ. ಅದರ ಅಂಚಿನ ಕೆಲವು ದಿಬ್ಬಗಳಿಗೆ ವರ್ಷದ ಬಹುಭಾಗ ಬಿಸಿಲು. ಒಳಗೆ ಮಾತ್ರ ಕೋಟ್ಯಂತರ ವರ್ಷಗಳಿಂದ ಸೂರ್ಯನ ಮುಖ ಕಂಡಿಲ್ಲ. ಚಂದ್ರನ ಇಂಥ ಕುಳಿಗಳಲ್ಲಿ ಚಳಿ ಶೂನ್ಯಕ್ಕಿಂತ 200 ಡಿಗ್ರಿಗೂ ಕೆಳಗೆ.

ಅಂಥ ಕಡೆ ಗಾಡಿ ಇಳಿಸಬೇಕು. ಬಿಸಿಲಿಲ್ಲ, ಆದ್ದರಿಂದ ವಿದ್ಯುತ್ತಿಲ್ಲ. ಎಣ್ಣೆ ಗಟ್ಟಿಯಾಗುತ್ತದೆ, ಲೋಹ ಪೆಡಸಾಗುತ್ತದೆ. ಕುಳಿಯೊಳಗಿಂದ ಭೂಮಿ ಕಾಣದಿದ್ದರೆ ನೇರ ಸಂಪರ್ಕವೂ ಇಲ್ಲ. ನೀರು ಅಲ್ಲಿ ಹರಿಯುವುದಿಲ್ಲ, ಮಣ್ಣಿನೊಂದಿಗೆ ಬೆರೆತು ಕಲ್ಲಿನಂತಾಗಿದೆ. ಅದನ್ನು ಅಗೆದು, ಕಾಯಿಸಿ, ಹಿಡಿದಿಟ್ಟು, ಬಿಸಿಲಿರುವ ಅಂಚಿಗೆ ತರಬೇಕು. ಅಷ್ಟಾದರೆ ಕುಡಿಯಲೂ ಆಯಿತು. ಒಡೆದರೆ ಉಸಿರಾಡಲು ಆಮ್ಲಜನಕ, ರಾಕೆಟ್ಟಿಗೆ ಇಂಧನವೂ ಆಯಿತು. ದೇಶಗಳೆಲ್ಲ ದಕ್ಷಿಣ ಧ್ರುವದ ಕಡೆ ಮುಖ ಮಾಡಿರುವುದು ಇದಕ್ಕೇ. ಜಪಾನಿನೊಂದಿಗೆ ಅಲ್ಲಿಗೆ ಹೋಗುವ ಚಂದ್ರಯಾನ-5ಕ್ಕೆ ನಮ್ಮ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿದೆ.

ಎಡವಿದ ಮೇಲೆ

ನೀರು ಮುಟ್ಟುವ ಮಾತು ಆಮೇಲೆ, ಮೊದಲು ಸರಿಯಾಗಿ ಇಳಿಯಬೇಕಲ್ಲ! ಪ್ಯಾರಾಚೂಟ್ ಬಿಚ್ಚಲು ಅಲ್ಲಿ ಗಾಳಿಯಿಲ್ಲ. ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು. ಧ್ರುವದಲ್ಲಿ ಸೂರ್ಯ ದಿಗಂತದಲ್ಲೇ ಇರುವುದರಿಂದ ಸಣ್ಣ ಕಲ್ಲಿಗೂ ಉದ್ದ ನೆರಳು. ಆ ನೆರಳಲ್ಲಿ ಹಳ್ಳವಿದೆಯೋ ನೆಲವಿದೆಯೋ ತಿಳಿಯದು. 2023ರ ಆಗಸ್ಟ್ 19ರಂದು ರಷ್ಯದ ಲೂನಾ-25 ಅಪ್ಪಳಿಸಿ ಚೂರಾಯಿತು. 2025ರ ಮಾರ್ಚ್ 6ರಂದು ಅಮೆರಿಕದ ಅಥೀನಾ ದಕ್ಷಿಣ ಧ್ರುವದ ಹತ್ತಿರ ಒಂದು ಕುಳಿಯೊಳಗೆ ಅಡ್ಡಬಿತ್ತು.

ನಮ್ಮದೂ ಬಿದ್ದಿತ್ತು. 2019ರ ಸೆಪ್ಟೆಂಬರ್ 7ರ ನಡುರಾತ್ರಿ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಮಕ್ಕಳು ನಿದ್ದೆಗೆಟ್ಟು ಟಿ.ವಿ. ಮುಂದೆ ಕುಳಿತಿದ್ದರು. ಪರದೆಯ ಮೇಲಿನ ಗೆರೆ ದಾರಿ ತಪ್ಪಿ ನಿಂತಾಗ ಕೆಲವರು ಅತ್ತೇ ಬಿಟ್ಟರು. ಏನು ಹೇಳಬೇಕೆಂದು ನಮಗೂ ತಿಳಿಯಲಿಲ್ಲ. ಮನೆಗೆ ಹೋಗಿ ಮಲಗಿ ಎಂದಷ್ಟೇ ಹೇಳಿದೆವು.

ಇಸ್ರೋದವರು ಮುಂದಿನ ನಾಲ್ಕು ವರ್ಷ ಮಾಡಿದ ಕೆಲಸ ಆ ರಾತ್ರಿಯ ಮಕ್ಕಳಿಗೆ ನಾವು ಕೊಡಬಹುದಾದ ಉತ್ತರ. ಎಲ್ಲಿ ತಪ್ಪಿತೆಂದು ಒಂದೊಂದಾಗಿ ಬರೆದುಕೊಂಡರು. 'ಏನು ಸರಿಹೋಗುತ್ತದೆ' ಎಂದು ಕೇಳುವ ಬದಲು 'ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ' ಎಂದು ಕೇಳಿಕೊಂಡು ನೌಕೆ ಕಟ್ಟಿದರು. ಕಾಲುಗಳನ್ನು ಬಲಪಡಿಸಿದರು. ಹಿಂದೆ ಇಳಿಯಲು ಗೊತ್ತು ಮಾಡಿದ್ದು 500 ಮೀಟರ್ ಉದ್ದಗಲದ ಜಾಗ. ಈ ಸಲ ಅದನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಂ ಮೆಲ್ಲಗೆ ನೆಲ ಮುಟ್ಟಿತು. ಅದೇ ಸಭಾಂಗಣ, ಅದೇ ಮಕ್ಕಳು, ಸ್ವಲ್ಪ ಎತ್ತರವಾಗಿದ್ದರು ಅಷ್ಟೆ.

ಎರಡು ಪ್ರಶ್ನೆಗಳಿಗೆ ಉತ್ತರ

ಹಿಂದಿರುಗುವಾಗ ನಡುರಾತ್ರಿ ದಾಟಿದ ಮೇಲೆ ದಿಂಡಿಗಲ್ ಆಚೆ ಚಹಾಕ್ಕೆ ನಿಂತೆವು. ಪೂರ್ವದಲ್ಲಿ ಅರ್ಧ ಚಂದ್ರ ಆಗತಾನೆ ಮೂಡಿದ್ದ.

ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಐದು ರೂಪಾಯಿಗೂ ಕಡಿಮೆ, ಈ ಚಹಾದ ಬೆಲೆಯೂ ಅಲ್ಲ. ಹಸಿದವನಿದ್ದಾಗ ಐದು ರೂಪಾಯಿಯೂ ದೊಡ್ಡದೇ, ಆ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಲೆಕ್ಕ ಕೇಳುವುದು ತಪ್ಪಲ್ಲ, ಕೇಳುತ್ತಲೇ ಇರಬೇಕು. ಆದರೆ ಬಿದ್ದದ್ದನ್ನು ಮುಚ್ಚಿಡದೆ, ಕಾರಣ ಹುಡುಕಿ, ತಿದ್ದಿಕೊಂಡು ಎದ್ದು ನಿಂತ ಒಂದು ಕೆಲಸವನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡರಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕೋಣ? ಹಿರಿಯರು ಚಹಾ ಹೀರಿ, "ಸರಿ ಸ್ವಾಮಿ, ನನ್ನ ಐದು ರೂಪಾಯಿ ಹೋಗಲಿ ಬಿಡಿ" ಎಂದರು.

ಹುಡುಗನ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಭೂಮಿ ಹಾಳಾದರೆ ಹೋಗಿ ಇರಲು ಚಂದ್ರ ಜಾಗವಲ್ಲ. ಕೆಲವರು ಹೋಗಬಹುದು, ಕಲಿಯಬಹುದು, ಕೆಲಸ ಮಾಡಿ ಬರಬಹುದು. ಆದರೆ ಉಸಿರು, ನೀರು, ಬೆಚ್ಚಗಿನ ರಾತ್ರಿ, ಕಿರಣಗಳಿಗೆ ತಡೆ, ಇವನ್ನೆಲ್ಲ ಇಲ್ಲಿಂದಲೇ ಹೊತ್ತೊಯ್ಯಬೇಕು, ಇಲ್ಲವೇ ಅಲ್ಲಿ ಒಂದೊಂದು ಗುಟುಕಿಗೂ ಹೆಣಗಬೇಕು. ಇಲ್ಲಿ ಅವು ನಮಗೆ ಗೊತ್ತೇ ಆಗದಂತೆ ಸಿಗುತ್ತಿವೆ. ಎಷ್ಟೇ ಹಾಳಾದ ಭೂಮಿಯೂ ಚಂದ್ರನಿಗಿಂತ ವಾಸಕ್ಕೆ ಯೋಗ್ಯ. ಹೀಗಿರುವಾಗ ಇದನ್ನೇ ಸರಿಪಡಿಸುವುದು ಜಾಣತನ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಮುಂದಿನ ಹುಣ್ಣಿಮೆಗೆ ಮಕ್ಕಳನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಚಂದ್ರನನ್ನು ತೋರಿಸಿ. ಬೆಳ್ಳಗಿರುವುದು ಒಟ್ಟನ್‌ಛತ್ರಂನ ಜಾತಿಯ ಕಲ್ಲು, ಕಪ್ಪಗಿರುವುದು ಹೆಪ್ಪುಗಟ್ಟಿದ ಲಾವಾ, ಕೆಳತುದಿಯಲ್ಲಿ ಕಾಣದ ಕತ್ತಲೆಯಲ್ಲಿ ನೀರು ಎಂದು ಹೇಳಿಕೊಡಿ.

ಬಸ್ಸು ಹೊರಡುವಾಗ ನಮ್ಮ ಹುಡುಗ ನಿದ್ದೆಗಣ್ಣಿನಲ್ಲೇ ಮತ್ತೆ ಕೇಳಿದ: "ಫಾದರ್, ಆ ಕತ್ತಲೆ ಕುಳಿಯೊಳಗೆ ಗಾಡಿ ಇಳಿಸಿದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?"

ನಮಗೆ ಗೊತ್ತಿರಲಿಲ್ಲ. "ದೊಡ್ಡವನಾಗಿ ನೀನೇ ಲೆಕ್ಕ ಹಾಕಿ ನಮಗೆ ಹೇಳಪ್ಪ" ಎಂದೆವು.